ಕಾಸಮ್ಮನ ಊರು

ನೆಂಟರಿಷ್ಟರಲ್ಲಿ ನನಗೆ ದೈವಭಕ್ತನೆಂಬ ಹೆಸರಿದೆ. ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟವನೇ ನೇರವಾಗಿ ದೇವರ ಕೋಣೆಗೆ ನಡೆಯುತ್ತೇನೆ. ಕೈ ಮುಗಿದು, ಮಂಡಿಯೂರಿ ಕೂತು, ಪೂಜೆಯ ತಟ್ಟೆಯನ್ನೇ ಕಣ್ಣು ಮಿಟುಕಿಸದೆ ನೋಡುತ್ತೇನೆ. ಕಾಫಿ ಆರಿಹೋಗುತ್ತಿದೆ ಎಂದು ಕೂಗಿದರೂ ಏಳುವುದಿಲ್ಲ. "ಫೌಂಡ್ರಿಯಲ್ಲಿ ಕೆಲಸ ಮಾಡೋ ಗಂಡಸಿಗೆ ಇಷ್ಟು ಭಕ್ತಿಯಾ!" ಎಂದು ಹೆಂಗಸರು ನನ್ನ ಹೆಂಡತಿಯ ಎದುರು ಹೊಗಳಿದ್ದುಂಟು. ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡು ತಲೆಯಾಡಿಸುತ್ತಾಳೆ. ನಾನು ನೋಡುವುದು ದೇವರನ್ನಲ್ಲ, ದೇವರ ಮುಂದಿಟ್ಟ ಹಳೆಯ ಕಾಸುಗಳನ್ನು ಎಂಬುದು ಅವಳೊಬ್ಬಳಿಗೆ ಗೊತ್ತು.

ಇದು ನನ್ನೊಬ್ಬನ ರೋಗವಲ್ಲ, ಈ ನೆಲದ ಗುಣವೂ ಹೌದು. ನಮ್ಮ ಕೊಯಮತ್ತೂರು ಸೀಮೆಯಲ್ಲಿ ಬಾವಿ ತೋಡಿದರೆ ನೀರು ಬರುವ ಭರವಸೆಯಿಲ್ಲ, ರೋಮಿನ ನಾಣ್ಯ ಬಂದರೂ ಬಂದೀತು. ಎರಡು ಸಾವಿರ ವರ್ಷಗಳ ಹಿಂದೆ ಪಾಲಕ್ಕಾಡಿನ ಕಣಿವೆ ದಾಟಿ ವ್ಯಾಪಾರದ ಮೂಟೆಗಳು ಓಡಾಡುತ್ತಿದ್ದ ದಾರಿ ಇದು. ನಮ್ಮ ಪಡಿಯೂರಿನ ಹಸಿರು ಕಲ್ಲಿಗೆ ರೋಮಿನ ಶ್ರೀಮಂತರ ಹೆಂಡತಿಯರು ಮನಸೋತಿದ್ದರಂತೆ. ಅದಕ್ಕೆ ಬದಲು ಬಂದ ಬೆಳ್ಳಿ ಮಡಕೆಗಳಲ್ಲಿ ಹೂತುಹೋಗಿ, ಈಗಲೂ ನೇಗಿಲಿಗೋ ಗುದ್ದಲಿಗೋ ಸಿಕ್ಕಿ ಮೇಲೇಳುತ್ತದೆ. ಸಿಕ್ಕಿದ್ದರಲ್ಲಿ ಬಹುಪಾಲು ಅಕ್ಕಸಾಲಿಯ ಮೂಸೆಗೆ ಇಳಿದು ಕಾಲ್ಗೆಜ್ಜೆಯಾಗುತ್ತದೆ. ಸ್ವಲ್ಪ ಮ್ಯೂಸಿಯಂ ಸೇರುತ್ತದೆ. ಉಳಿದದ್ದು, ಮುಖವಿರುವ ಲೋಹವನ್ನು ಬೀದಿಗೆ ಎಸೆಯಬಾರದೆಂಬ ನಂಬಿಕೆಯಿಂದ, ದೇವರ ತಟ್ಟೆಗೆ ಬರುತ್ತದೆ. ಹೀಗೆ ತಲೆಗೆ ಎಲೆಯ ಮಾಲೆ ಸುತ್ತಿಕೊಂಡ ರೋಮಿನ ಚಕ್ರವರ್ತಿ ನಮ್ಮ ಮನೆಗಳಲ್ಲಿ ಶುಕ್ರವಾರ ಶುಕ್ರವಾರ ಕುಂಕುಮ ಹಚ್ಚಿಸಿಕೊಂಡು ಕೂತಿದ್ದಾನೆ. ಅವನ ಊರಿನಲ್ಲೂ ಅವನನ್ನು ದೇವರೆಂದೇ ಪೂಜಿಸುತ್ತಿದ್ದರಂತೆ, ಹಾಗಾಗಿ ಅವನಿಗೆ ಇದೇನೂ ವಿಶೇಷ ಅನ್ನಿಸಿರಲಾರದು.

ಆದರೆ ಬೆಳ್ಳಿಯ ಮೇಲೆ ನನಗೆ ಅಂಥ ಮೋಹವಿಲ್ಲ. ನನಗೆ ಹುಚ್ಚು ಹಿಡಿಸಿದ್ದು ತಾಮ್ರ ಮತ್ತು ಕಂಚು. ರೋಮಿನವರು ಬಂಗಾರ ಬೆಳ್ಳಿಯನ್ನು ಹೆಚ್ಚಾಗಿ ತಮ್ಮ ಕೈಯಲ್ಲೇ ಇಟ್ಟುಕೊಂಡು, ಪೂರ್ವದ ಪ್ರಾಂತಗಳ ಊರುಗಳಿಗೆ 'ನಿಮ್ಮ ಚಿಲ್ಲರೆ ನೀವೇ ಹೊಡೆದುಕೊಳ್ಳಿ' ಎಂದು ಬಿಟ್ಟಿದ್ದರು. ಒಂದು ಬದಿಗೆ ಚಕ್ರವರ್ತಿಯ ತಲೆ ಇದ್ದರಾಯಿತು, ಇನ್ನೊಂದು ಬದಿ ಆಯಾ ಊರಿನವರ ಇಷ್ಟ. ಒಂದೂರಿನವರು ತಮ್ಮ ಗುಡಿ ಕೆತ್ತಿದರು, ಇನ್ನೊಂದೂರಿನವರು ತಮ್ಮ ಬೆಟ್ಟ, ಮತ್ತೊಂದೂರಿನವರು ತಮ್ಮ ದ್ರಾಕ್ಷಿ ಗೊಂಚಲು. ಅಕ್ಷರವೂ ರೋಮಿನದಲ್ಲ, ಗ್ರೀಕಿನದು. ಅಂದರೆ ಮೇಲೆ ಯಾರೇ ಆಳಲಿ, ಮನೆಯೊಳಗೆ ಮಾತ್ರ ನಮ್ಮ ಭಾಷೆ ಎನ್ನುವ ಪೈಕಿ. ಆಫೀಸಿನಲ್ಲೂ ಬೀದಿಯಲ್ಲೂ ತಮಿಳು ಮಾತಾಡಿ, ಮನೆಯ ಹೊಸ್ತಿಲು ದಾಟಿದ ಮೇಲೆ ಕನ್ನಡಕ್ಕೆ ತಿರುಗುವ ನನ್ನಂಥವನಿಗೆ ಆ ಊರುಗಳ ಮೇಲೆ ಪ್ರೀತಿ ಹುಟ್ಟಿದ್ದು ಸಹಜವೇ.

ಇಂಥ ಪ್ರಾಂತೀಯ ಚಿಲ್ಲರೆ ನಮ್ಮ ಕಡೆ ಸಿಗುವುದು ತೀರ ಅಪರೂಪ. ಸಮುದ್ರ ದಾಟಿ ವ್ಯಾಪಾರಕ್ಕೆ ಬರುವವನು ಬೆಳ್ಳಿ ತರುತ್ತಾನೆಯೇ ಹೊರತು ತನ್ನೂರಿನ ಸಂತೆಯಲ್ಲಿ ಸೊಪ್ಪು ಕೊಳ್ಳುವ ತಾಮ್ರವನ್ನೇಕೆ ಹೊತ್ತು ತರುತ್ತಾನೆ? ಸಿಲೋನಿಗೆ ಹೋಗಿ ಬಂದ ನಮ್ಮ ಚಿಕ್ಕಪ್ಪನ ಕೋಟಿನ ಮೂಲೆಯಲ್ಲಿ ಅಲ್ಲಿಯ ಎರಡು ಸೆಂಟು ಉಳಿದುಕೊಂಡಿದ್ದವಲ್ಲ, ಹಾಗೆ ಯಾವನೋ ಒಬ್ಬನ ಸೊಂಟದ ಚೀಲದ ಅಡಿಯಲ್ಲಿ ಮರೆತು ಉಳಿದಿದ್ದರೆ ಮಾತ್ರ ಬರಬೇಕು. ಬೆಳ್ಳಿ ನಾಣ್ಯ ನೋಡಿದಾಗ ನನಗೆ ಸಾಮ್ರಾಜ್ಯ ನೆನಪಾಗುತ್ತದೆ. ಇಂಥ ತಾಮ್ರ ನೋಡಿದರೆ ಮನೆಗೆ ಮರಳಿ ಹೋಗಬೇಕೆಂದುಕೊಂಡಿದ್ದ ಒಬ್ಬ ಮನುಷ್ಯ ಕಣ್ಣೆದುರು ಬರುತ್ತಾನೆ.

ನನ್ನ ಕೆಲಸವೂ ಈ ಹುಚ್ಚಿಗೆ ನೀರೆರೆದಿದೆ. ಕೊಯಮತ್ತೂರಿನ ಅಂಚಿನ ಕುರಿಚಿಯ ಒಂದು ಫೌಂಡ್ರಿಯಲ್ಲಿ ನಾನು ಎರಕಗಳ ಪರೀಕ್ಷಕ. ಪಂಪಿನ ಭಾಗಗಳಲ್ಲಿ ಗಾಳಿಗುಳ್ಳೆ ಎಲ್ಲಿದೆ, ಬಿರುಕು ಎಲ್ಲಿದೆ ಎಂದು ಹುಡುಕಿ ತಿರಸ್ಕರಿಸುವುದೇ ನನ್ನ ಸಂಬಳದ ಕಾರಣ. ಅದೇ ಕಣ್ಣಿನಿಂದ ನಾಣ್ಯವನ್ನೂ ನೋಡುತ್ತೇನೆ. ಅಚ್ಚಿನಲ್ಲಿ ಹೊಡೆದ ನಾಣ್ಯದ ಲೋಹ ಅಂಚಿನತ್ತ ಹರಿದಿರುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಸೂಜಿಮೊನೆಯಷ್ಟು ಗುಳ್ಳೆಗಳಿರುತ್ತವೆ, ಮೈ ಸೋಪು ತೊಳೆದಂತೆ ಜಾರುತ್ತದೆ. ಲೋಹ ತಣ್ಣಗಾಗುವಾಗ ಕುಗ್ಗುವುದರಿಂದ ನಕಲು ಎಂದೂ ಅಸಲಿಗಿಂತ ಒಂದು ಕೂದಲೆಳೆ ಚಿಕ್ಕದು. ಇದನ್ನೆಲ್ಲ ನಾನು ಹುರುಪಿನಿಂದ ವಿವರಿಸುವಾಗ ನನ್ನ ಹೆಂಡತಿ, "ಎರಡು ಸಾವಿರ ವರ್ಷದ ಚಿಲ್ಲರೆ ಮನೆ ತುಂಬ ಇದೆ, ಬಸ್ಸಿಗೆ ಕೊಡೋಕೆ ನಾಲ್ಕಾಣೆ ಇಲ್ಲ" ಎನ್ನುತ್ತಾಳೆ.

ಈಗ ಮಾದಮ್ಮತ್ತೆಯ ವಿಷಯಕ್ಕೆ ಬರಬೇಕು. ಅವಳು ನನ್ನ ತಂದೆಯ ತಂಗಿ. ಕುನ್ನತ್ತೂರಿನ ಹತ್ತಿರ ಹೊಲ ಮನೆ ಮಾಡಿಕೊಂಡಿರುವ ಕುಟುಂಬಕ್ಕೆ ಸೊಸೆಯಾಗಿ ಹೋದವಳು. ಅವರೂ ನಮ್ಮ ಹಾಗೆ ಯಾವುದೋ ಕಾಲದಲ್ಲಿ ದಿಂಬಂ ಘಾಟಿ ಇಳಿದು ಬಂದ ಕನ್ನಡದವರು. ಅತ್ತೆಗೆ ಕನ್ನಡ ಓದಲು ಬಾರದು, ಆಡಲು ಮಾತ್ರ ಬರುತ್ತದೆ, ಅದರಲ್ಲೂ ಅರ್ಧ ತಮಿಳು. ಗಂಡ ತೀರಿಕೊಂಡ ಮೇಲೆ ಹೊಲ, ಎಮ್ಮೆ, ಮಗಳು ಸರಸು, ಎಲ್ಲವನ್ನೂ ಒಂದೇ ದನಿಯಲ್ಲಿ ಗದರಿಸಿ ನಡೆಸಿದವಳು. ಆ ಮನೆಯ ದೇವರು ಕಾಸಮ್ಮ. ಅವರ ಹಿರಿಯರು ಈ ನೆಲಕ್ಕೆ ಬಂದು ಮೊದಲ ಉಳುಮೆ ಮಾಡಿದಾಗ ಮಣ್ಣಿನಲ್ಲಿ ಸಿಕ್ಕಿದ ದುಂಡನೆಯ ಲೋಹದ ತುಂಡೇ ಕಾಸಮ್ಮ. ಅದರಲ್ಲೊಂದು ಕೂತ ಹೆಂಗಸಿನ ಆಕಾರ ಕಂಡು, 'ನಮಗಿಂತ ಮುಂಚೆ ನಮ್ಮಮ್ಮ ಬಂದು ಕೂತಿದ್ದಾಳೆ' ಎಂದು ಮನೆಗೆ ತಂದರಂತೆ. ಪೂಜಾರಿ ಇಲ್ಲ, ಮಂತ್ರವಿಲ್ಲ. ಮನೆಯ ಹಿರಿಯ ಹೆಂಗಸೇ ಎಲ್ಲ.

ಮೊದಲ ಸಲ ಆ ಹಿತ್ತಾಳೆ ಭರಣಿಯ ಕುಂಕುಮದಲ್ಲಿ ಮುಳುಗಿದ್ದ ಕಾಸಮ್ಮನನ್ನು ಕಂಡಾಗ ಅಲ್ಲೇ ಮಂಡಿಯೂರಿದೆ. ತಲೆಮಾರುಗಳ ಅರಿಸಿನ, ಗಂಧ, ಎಣ್ಣೆ ಎಲ್ಲ ಸೇರಿ ಮೇಲೆ ಕಪ್ಪು ಹೆಪ್ಪು ಕಟ್ಟಿತ್ತು. ಕೂತವಳ ಉಬ್ಬು ಮಾತ್ರ ಮಸುಕಾಗಿ ಕಾಣುತ್ತಿತ್ತು. ಆದರೆ ಅಂಚಿನಲ್ಲಿ ಹೆಪ್ಪು ಬಿಟ್ಟ ಒಂದು ಕಡೆ, ಮೂರು ಗೀಟಿನ ನಾಮದಂಥ ಒಂದು ಗುರುತು. ಅತ್ತೆ ಅದನ್ನು ಪೆರುಮಾಳಿನ ನಾಮ ಎಂದಳು. ನನಗೆ ಅದು ಗ್ರೀಕ್ ಲಿಪಿಯ ಕೊನೆಯ ಅಕ್ಷರ ಎಂದು ಗೊತ್ತಾಯಿತು. ರೋಮಿನ ಲಿಪಿಯಲ್ಲಿ ಆ ಅಕ್ಷರವೇ ಇಲ್ಲ. ಅಂದರೆ ಇದು ಯಾವುದೋ ಪೂರ್ವ ಪ್ರಾಂತದ ಊರಿನ ಕಂಚು. ಯಾವ ಊರು? ಹೆಪ್ಪು ತೆಗೆದರೆ ಹೇಳಬಹುದು. "ಸ್ವಲ್ಪ ತೊಳೀಲಾ ಅತ್ತೆ?" ಎಂದೆ.

"ಸಾಮಿ ಮೈಯ ಉಜ್ಜೋಕೆ ನೀನೇನು ಪಾತ್ರೆ ತಿಕ್ಕೋನಾ?" ಎಂದಳು ಅತ್ತೆ.

ಅಲ್ಲಿಗೆ ಮಾತು ಮುಗಿಯಿತು. ಆಸೆ ಮುಗಿಯಲಿಲ್ಲ. ಆಮೇಲೆ ಕುನ್ನತ್ತೂರಿಗೆ ಹೋಗಲು ನನಗೆ ಯಾವ ನೆಪವೂ ಸಣ್ಣದಾಗಿ ಕಾಣಲಿಲ್ಲ. ಊತ್ತುಕುಳಿ ಬೆಣ್ಣೆ ತರಬೇಕು ಎಂದು ಹೋದೆ, ಎಮ್ಮೆ ಕರು ಹಾಕಿದ್ದನ್ನು ನೋಡಬೇಕು ಎಂದು ಹೋದೆ. ಹೋದಾಗಲೆಲ್ಲ ಭರಣಿಯ ಮುಂದೆ ಕೂರುತ್ತಿದ್ದೆ. "ನಮ್ಮಣ್ಣನ ಮಗನಿಗೆ ಕಾಸಮ್ಮ ಅಂದ್ರೆ ಉಯಿರು" ಎಂದು ಅತ್ತೆ ಊರಿಗೆಲ್ಲ ಹೇಳಿದಳು. ಉಯಿರು ಎಂದರೆ ಪ್ರಾಣ. ಆ ಮಾತು ಸುಳ್ಳೂ ಅಲ್ಲ. ಆ ನಾಣ್ಯ ನನ್ನದಾಗಬೇಕೆಂದು ನಾನು ಬೇಡಿಕೊಂಡಷ್ಟು ತೀವ್ರವಾಗಿ ಆ ಮನೆಯಲ್ಲಿ ಯಾರೂ ಏನನ್ನೂ ಬೇಡಿಕೊಂಡಿರಲಾರರು.

ಸರಸುವಿನ ಮದುವೆ ಗೊತ್ತಾದ ವರ್ಷ ಕಾಸಮ್ಮ ಮುಕ್ಕಾದಳು. ಶುಕ್ರವಾರದ ಎಳನೀರಿನ ಅಭಿಷೇಕ ಮಾಡುವಾಗ ಅಂಚಿನಿಂದ ಉಗುರಿನಷ್ಟು ಚೂರು ಉದುರಿ ಬಿತ್ತು, ಒಳಗೆಲ್ಲ ತಿಳಿಹಸಿರು ಪುಡಿ. ನಾನು ಹೋಗಿ ನೋಡಿದೆ. ಕಂಚಿಗೆ ಬರುವ ಕೆಟ್ಟ ಕಿಲುಬು ಅದು. ಉಪ್ಪಿನಂಶದ ನೀರು ಒಳಗೆ ಸೇರಿ ಲೋಹವನ್ನೇ ತಿನ್ನುತ್ತದೆ. ವರ್ಷಗಟ್ಟಲೆ ಪ್ರೀತಿಯಿಂದ ಎರೆದ ಎಳನೀರೇ ಅವಳನ್ನು ಒಳಗಿನಿಂದ ತಿಂದಿತ್ತು. ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ನಾನು ಅವಳನ್ನು ಎಂದೂ ಹಾಗೆ ಕೂತದ್ದು ಕಂಡಿರಲಿಲ್ಲ. "ಮುಕ್ಕಾದ ಸಾಮಿಯ ಕಲ್ಯಾಣದಲ್ಲಿ ಇಡಬಾರದು, ಕಣ್ಣು. ಕಾಸಮ್ಮ ಇಲ್ದೆ ಈ ಮನೆ ಹೆಣ್ಣು ಹಸೆ ಮೇಲೆ ಕೂತಿದ್ದೇ ಇಲ್ಲ" ಎಂದಳು. ಕಣ್ಣು ಎಂಬುದು ಅವಳು ಮುದ್ದಿನಿಂದ ನನ್ನನ್ನು ಕರೆಯುವ ಬಗೆ.

ಅವಳ ದುಃಖ ಕಂಡು ನನಗೂ ದುಃಖವಾಯಿತು ಎಂದು ಬರೆಯಬೇಕು. ಆಯಿತು ಕೂಡ. ಆದರೆ ಅದಕ್ಕಿಂತ ಒಂದು ಕ್ಷಣ ಮುಂಚೆಯೇ ನನ್ನ ತಲೆಯಲ್ಲಿ ಲೆಕ್ಕ ಓಡಿತ್ತು. ಹೊಸ ಕಾಸಮ್ಮನನ್ನು ನಾನೇ ನಮ್ಮ ಫೌಂಡ್ರಿಯಲ್ಲಿ ಎರಕ ಹೊಯ್ಸಿ ಕೊಡುತ್ತೇನೆ. ಹಳೆಯ ಅಮ್ಮನ ಕಳೆಯನ್ನು ಕಲಶಕ್ಕೆ ಇಳಿಸಿ, ಕಲಶದಿಂದ ಹೊಸ ಅಮ್ಮನಿಗೆ ತುಂಬಿದರಾಯಿತು. ಗುಡಿಗಳಲ್ಲಿ ಹಾಗೆ ಮಾಡುವುದುಂಟಲ್ಲ. ದೇವರು ಹೊಸದಕ್ಕೆ ಹೋದ ಮೇಲೆ ಹಳೆಯದು ಬರಿಯ ನಾಣ್ಯ. ಬರಿಯ ನಾಣ್ಯ ಇರಬೇಕಾದ ಜಾಗ ಯಾವುದೆಂದು ನನ್ನ ಬೀರುವಿಗೆ ಗೊತ್ತಿತ್ತು. ಈ ಕೊನೆಯ ವಾಕ್ಯವೊಂದನ್ನು ಬಿಟ್ಟು ಉಳಿದದ್ದನ್ನು ಅತ್ತೆಗೆ ಹೇಳಿದೆ. ಅವಳು ನನ್ನ ತಲೆ ಸವರಿ, "ನೀನು ನಲ್ಲಾ ಇರಬೇಕು ಸಾಮಿ, ಚೆನ್ನಾಗಿರಬೇಕು" ಎಂದು ಹರಸಿದಳು.

ಕಳೆ ಇಳಿಸುವವರೆಗೆ ಕಾಸಮ್ಮ ಮನೆ ಬಿಟ್ಟು ಹೊರಗೆ ಹೋಗುವಂತಿಲ್ಲ. ಹಾಗಾಗಿ ದೇವರ ಕೋಣೆಯಲ್ಲೇ ಜೇನುಮೇಣದ ಎರಡು ಬಿಲ್ಲೆಗಳ ನಡುವೆ ಅವಳನ್ನು ಮೆಲ್ಲಗೆ ಒತ್ತಿ ಅಚ್ಚು ತೆಗೆದುಕೊಂಡೆ. ಕುರಿಚಿಯಲ್ಲಿ ಅಚ್ಚು ಕಟ್ಟುವ ಆರುಮುಗಂಗೆ ವಿಷಯ ಹೇಳಿದ್ದೇ ತಡ, ಅವನು ಮರುದಿನ ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಬರಿಗಾಲಲ್ಲಿ ಬಂದ. ಪಂಪಿನ ಚಕ್ರಗಳಿಗೆಂದು ಕರಗಿಸಿದ್ದ ಗನ್‌ಮೆಟಲ್ ಎಂಬ ಕಂಚಿನಲ್ಲಿ ಕೊನೆಯ ಒಂದು ಸೌಟು ಕಾಸಮ್ಮನ ಪಾಲಾಯಿತು. ಬಿಸಿ ಮರಳು ಒಡೆದು ಅವಳನ್ನು ಎತ್ತಿಕೊಟ್ಟಾಗ ನೋಡಿದೆ, ಅಂಚಿನಲ್ಲಿ ಎರಡು ಗುಳ್ಳೆ. ಗುಳ್ಳೆಯಿದ್ದೂ ನಾನು ಪಾಸು ಮಾಡಿದ ಎರಕ ನನ್ನ ಸರ್ವಿಸಿನಲ್ಲಿ ಅದೊಂದೇ. ಅತ್ತೆ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, "ಕೊಂಚ ಇಳಿದು ಹೋಗಿದ್ದಾಳೆ. ಹೋಗ್ಲಿ, ಕಲ್ಯಾಣದ ಮನೆ ಅಲ್ವಾ, ಯಾರು ಇಳಿಯಲ್ಲ" ಎಂದಳು.

ತಮಿಳರ ಐಪ್ಪಸಿ ತಿಂಗಳ, ಮಳೆಗಾಲದ ಒಂದು ಬೆಳಿಗ್ಗೆ ಶಾಸ್ತ್ರ ನಡೆಯಿತು. ಅತ್ತೆ ಕಲಶದ ಮುಂದೆ ಕೂತು, ಹಳೆಯ ಕಾಸಮ್ಮನನ್ನು ನೀರಿಗೆ ಮುಟ್ಟಿಸಿ, ಮಗಳನ್ನು ಗಂಡನ ಮನೆಗೆ ಕಳಿಸುವ ದನಿಯಲ್ಲಿ ಮಾತಾಡಿದಳು. "ಹಳೆ ಮನೆ ಬಿದ್ದು ಹೋಯ್ತು ತಾಯಿ, ಹೊಸ ಮನೆ ಕಟ್ಟಿದ್ದೀವಿ, ಇಳಿದು ಬಾ" ಎಂದಳು. ಆ ನೀರನ್ನು ಹೊಸ ಕಾಸಮ್ಮನಿಗೆ ಎರೆದು, ಹೂವಿಟ್ಟು, ಆರತಿ ಎತ್ತಿದಳು. ಆಮೇಲೆ ಹಳೆಯದನ್ನು ಅಂಗಳಕ್ಕೆ ತಂದು, ಯಾವ ಭಯಭಕ್ತಿಯೂ ಇಲ್ಲದೆ, ಸೀಗೆಪುಡಿ ಹಾಕಿ ಬಿಸಿನೀರಲ್ಲಿ ತೆಂಗಿನ ನಾರಿನಿಂದ ತೊಳೆದಳು. ತಲೆಮಾರುಗಳ ಹೆಪ್ಪು ಕರಗಿ ಹರಿಯಿತು. ಒದ್ದೆ ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟಳು. ನಾನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ಇಳಿಸತೊಡಗಿದೆ.

"ಜೇಬಿಗ್ಯಾಕೆ? ಕೈಯಾಗೇ ಹಿಡ್ಕೊ. ಹೊಳೆ ಸೇರೋ ವರೆಗೂ ಕೆಳಗೆ ಇಡಬಾರದು."

"ಹೊಳೆಗಾ?" ಎಂದೆ.

"ಕಳೆ ತೆಗೆದ ಸಾಮಿಯ ಹರಿಯೋ ನೀರಿಗಲ್ದೆ ಇನ್ನೆಲ್ಲಿಗೆ ಬಿಡ್ತಾರೆ ಕಣ್ಣು?"

ಪ್ರತಿವರ್ಷ ಮಣ್ಣಿನ ಗಣೇಶನನ್ನು ತಲೆಯ ಮೇಲೆ ಹೊತ್ತು ಕೆರೆಗೆ ಬಿಟ್ಟು ಬರುವವನು ನಾನು. ದೇವರನ್ನು ಇಳಿಸುವ ಶಾಸ್ತ್ರ ನನಗೆ ನೆನಪಿತ್ತು, ಅದರ ಮುಂದಿನ ಅರ್ಧ ಮಾತ್ರ ಆಸೆಯ ಹೊಗೆಯಲ್ಲಿ ಮರೆತುಹೋಗಿತ್ತು. ನನ್ನ ಉಪಾಯ ನನಗೇ ತಿರುಗಿಬಿದ್ದಿತ್ತು. ಸುಮ್ಮನಿದ್ದಿದ್ದರೆ ಕಾಸಮ್ಮ ಮುಕ್ಕಾಗಿಯಾದರೂ ಭರಣಿಯಲ್ಲಿ ಉಳಿಯುತ್ತಿದ್ದಳೇನೋ. ಈಗ ಹೊಳೆಯ ಪಾಲು. ತಡವರಿಸುತ್ತ, ಇದು ಬಹಳ ಅಪರೂಪದ್ದು, ನನಗೆ ಬೇಡ, ಮ್ಯೂಸಿಯಮ್ಮಿಗೆ ಕೊಟ್ಟರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಾರೆ ಎಂದೆ. ಅತ್ತೆ ನನ್ನನ್ನು ದಿಟ್ಟಿಸಿ ನೋಡಿದಳು. ಸಿಟ್ಟಿರಲಿಲ್ಲ.

"ನಿಮ್ಮಪ್ಪ ಉಸಿರು ಬಿಟ್ಟ ಮೇಲೆ ಗಾಜಿನ ಪೆಟ್ಟಿಯಾಗೆ ಇಟ್ಯಾ? ಎಷ್ಟು ಆಸೆ ಇದ್ರೂ ಕಳಿಸ್ಕೊಡ್ಲಿಲ್ವಾ?"

ಮ್ಯೂಸಿಯಂಗಳ ಬಗ್ಗೆ ನನ್ನ ಬಳಿ ಒಳ್ಳೊಳ್ಳೆಯ ವಾದಗಳಿವೆ. ಮುಂದಿನವರಿಗೆ ಉಳಿಯಬೇಕು, ಚರಿತ್ರೆಗೆ ಸಾಕ್ಷಿ ಬೇಕು. ಅವುಗಳಲ್ಲಿ ಒಂದೂ ಸುಳ್ಳಲ್ಲ. ಈಗಲೂ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ಆದರೆ ಆ ಅಂಗಳದಲ್ಲಿ, ಸೀಗೆಪುಡಿಯ ನೊರೆ ಕಾಲಿಗೆ ತಾಗುತ್ತಿರುವಾಗ, ಕೊಡು ಎನ್ನುವ ಹಕ್ಕು ನನಗಿಲ್ಲ ಎಂದು ಅನ್ನಿಸಿತು. ಅದು ಅವಳ ಮನೆಯ ಸಾವು.

ಕುನ್ನತ್ತೂರಿನಲ್ಲಿ ಬಸ್ಸು ಹತ್ತಿದೆವು. ನೊಯ್ಯಲ್ ಹೊಳೆಯಲ್ಲಿ ಆಗ ಮಳೆಯ ಹೊಸನೀರು ಬಂದಿತ್ತು, ತಿರುಪ್ಪೂರಿನ ಬಟ್ಟೆ ಕಾರ್ಖಾನೆಗಳ ಬಣ್ಣದ ನೀರು ಅದನ್ನು ಇನ್ನೂ ಪೂರ್ತಿ ಕೆಡಿಸಿರಲಿಲ್ಲ. ಕಿಟಕಿಯ ಬದಿಗೆ ಕೂತು ಮುಷ್ಟಿ ಬಿಚ್ಚಿದೆ. ಅಷ್ಟು ವರ್ಷ ನನ್ನಿಂದ ಮುಖ ಮುಚ್ಚಿಕೊಂಡಿದ್ದವಳು ಬೆಳಕಿನಲ್ಲಿ ಮೈ ತೆರೆದು ಕೂತಿದ್ದಳು. ಎಡಗೈಯಲ್ಲಿ ಭೂತಗನ್ನಡಿ ಹಿಡಿದು ನೋಡಿದೆ. ಬಂಡೆಯ ಮೇಲೆ ಕೂತ ಹೆಂಗಸು, ತಲೆಗೆ ಕೋಟೆಗೋಡೆಯಂಥ ಕಿರೀಟ, ಕೈಯಲ್ಲಿ ತೆನೆ. ಕಂಡಕ್ಟರು ಟಿಕೆಟ್ ಎಂದ. ಎರಡೂ ಕೈಯಲ್ಲಿ ಕೆಲಸವಿತ್ತು, ಅತ್ತೆಯೇ ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಸುತ್ತಲಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದೆ. ಬಸ್ಸು ಕುಲುಕಿದಾಗಲೆಲ್ಲ ಮತ್ತೆ ಮೊದಲಿಂದ. ಊತ್ತುಕುಳಿ ದಾಟುವಷ್ಟರಲ್ಲಿ ಓದಿ ಮುಗಿಸಿದ್ದೆ. ಅದರಲ್ಲಿದ್ದದ್ದು ಅಂತಿಯೋಕ್ಯ ಎಂಬ ಊರಿನವರ ಹೆಸರು. ಹಿಂದಿನ ಸಿರಿಯಾ ಪ್ರಾಂತದ, ಒಂದು ಕಾಲಕ್ಕೆ ಜಗತ್ಪ್ರಸಿದ್ಧವಾಗಿದ್ದ ಪಟ್ಟಣ. ಕೂತವಳು ಆ ಊರನ್ನು ಕಾಯುವ ಅಮ್ಮ. ಕಿಸೆಯಲ್ಲಿ ಪೆನ್ಸಿಲ್ ಇತ್ತು. ಟಿಕೆಟ್ಟಿನ ಹಿಂಬದಿಯನ್ನು ಮೇಲಿಟ್ಟು ಉಜ್ಜಿ ನಕಲು ತೆಗೆದುಕೊಳ್ಳಬಹುದಿತ್ತು. ತೀರಿಹೋದವರ ಹೆಬ್ಬೆಟ್ಟನ್ನು ಪತ್ರಕ್ಕೆ ಒತ್ತಿಸಿಕೊಂಡಂತೆ ಅನ್ನಿಸಿ ಬಿಟ್ಟುಬಿಟ್ಟೆ.

ಹೊಳೆಯಲ್ಲಿ ಮಂಡಿಯುದ್ದದ ನೀರು. ಅತ್ತೆ ಸೀರೆ ಎತ್ತಿ ಕಟ್ಟಿ ನನ್ನ ಪಕ್ಕ ನಿಂತಳು. "ನೀನೇ ಬಿಡು, ನಿನಗೇ ಅಲ್ವಾ ಆಯಮ್ಮ ಕೊನೇಲಿ ಮುಖ ತೋರ್ಸಿದ್ದು" ಎಂದಳು. ನಾನು ಮುಷ್ಟಿ ಬಿಚ್ಚದೆ ನಿಂತೇ ಇದ್ದೆ. ನಲವತ್ತು ದಾಟಿದ ಗಂಡಸು ಹಾಗೆ ನಿಂತರೆ ಅಷ್ಟೇನೂ ಚೆನ್ನಾಗಿ ಕಾಣುವುದಿಲ್ಲ.

"ಏನು ಬರೆದೈತೆ ಅದರಾಗೆ? ಬಸ್ಸಿನಾಗೆ ಅಷ್ಟು ಹೊತ್ತು ಓದಿದೆಯಲ್ಲ."

ಹೇಳಿದೆ. ಊರಿನ ಹೆಸರು ಹೇಳಿದೆ, ಅದು ಸಮುದ್ರದಾಚೆ ಎಷ್ಟು ದೂರ ಎಂದು ಹೇಳಿದೆ. ಅವಳು ಆ ಊರಿನ ಅಮ್ಮ, ಕೈಯಲ್ಲಿರುವುದು ಗೋಧಿ ತೆನೆ ಎಂದೆ. ಬಂಡೆಯ ಕೆಳಗೆ ಎರಡೂ ತೋಳು ಚಾಚಿ ಈಜುತ್ತಿರುವ ಒಂದು ಸಣ್ಣ ಆಕೃತಿಯಿತ್ತು, ಅದನ್ನೂ ತೋರಿಸಿದೆ. "ಇದು ಆ ಊರಿನ ಹೊಳೆ ಅತ್ತೆ. ಅವರು ಹೊಳೆಯನ್ನು ಮನುಷ್ಯನ ಹಾಗೆ ಕೆತ್ತುತ್ತಿದ್ದರು."

ಅತ್ತೆ ಬಗ್ಗಿ ನೋಡಿದಳು. ಅವಳ ಮುಖ ಹಗುರವಾಯಿತು.

"ಆಯಮ್ಮನ ಕಾಲಡೀಲೇ ಹೊಳೆ ಐತೆ. ಆಮೇಲೆ ನೀನು ಯಾಕೆ ಪಯಪಡ್ತೀಯ? ಅವಳಿಗೆ ನೀರು ಹೊಸದಾ?"

ನಾನು ಬೆರಳು ಬಿಡಿಸಿದೆ. ಶಬ್ದವೇನೂ ಆಗಲಿಲ್ಲ. ಕಂದು ನೀರಿನಲ್ಲಿ ಒಂದು ಗೇಣು ಕಾಣಿಸಿ ಮುಳುಗಿತು. ನನಗೆ ನಿಜವಾಗಿ ಅಳು ಬಂತು. ಅತ್ತೆ ಅದನ್ನು ಭಕ್ತಿ ಎಂದುಕೊಂಡಳೋ ಏನೋ, ಬೆನ್ನು ಸವರಿದಳು. ಮರಳಿ ಬರುವಾಗ ಬಸ್ಸಿನಲ್ಲಿ ಮಾತ್ರ ನನ್ನನ್ನು ಸುಮ್ಮನೆ ಬಿಡಲಿಲ್ಲ. "ಇನ್ನೊಂದು ದಪ ಹೇಳು ಆ ಊರ ಹೆಸರು" ಎಂದು ಕೇಳಿ ಕೇಳಿ, ತುಟಿಯಲ್ಲೇ ಹೇಳಿಕೊಂಡು, ಕುನ್ನತ್ತೂರು ಬರುವಷ್ಟರಲ್ಲಿ ತಪ್ಪಿಲ್ಲದೆ ಹೇಳುತ್ತಿದ್ದಳು. ಯಾಕೆಂದು ನಾನು ಕೇಳಲಿಲ್ಲ. ಕೇಳುವ ಮನಸ್ಥಿತಿಯೂ ನನಗಿರಲಿಲ್ಲ.

ಸಂಕ್ರಾಂತಿ ಕಳೆದು, ತೈ ತಿಂಗಳಲ್ಲಿ ಸರಸುವಿನ ಮದುವೆ. ಆ ಮನೆಯಲ್ಲಿ ಹೆಣ್ಣನ್ನು ಹಸೆಗೆ ಕೂರಿಸುವ ಮೊದಲು ಹಿರಿಯ ಹೆಂಗಸು ದೇವರುಗಳನ್ನೆಲ್ಲ ಅವರವರ ಊರಿನ ಹೆಸರು ಹಿಡಿದು ಕರೆಯಬೇಕು. ಊರು ಹೇಳದೆ ಕರೆದರೆ ದೇವರು ಬರುವುದಿಲ್ಲವಂತೆ. ಕಾಸಮ್ಮನಿಗೆ ಮಾತ್ರ ಊರಿನ ಹೆಸರು ಗೊತ್ತಿಲ್ಲದೆ ಅಷ್ಟು ತಲೆಮಾರು 'ಮನೆಯ ಕಾಸಮ್ಮ' ಎಂದಷ್ಟೇ ಕರೆದು, ಬಂದಳೋ ಇಲ್ಲವೋ ಎಂದು ಒಳಗೊಳಗೇ ಅಳುಕುತ್ತಿದ್ದರಂತೆ. ಇದು ನನಗೆ ಅಂದೇ ತಿಳಿದದ್ದು. ಗನ್‌ಮೆಟಲ್ಲಿನ ಹೊಸ ಕಾಸಮ್ಮ ಅಕ್ಕಿಯ ಮೇಲೆ ಹೊಳೆಯುತ್ತ ಕೂತಿದ್ದಳು. ಅತ್ತೆ ಕಣ್ಣು ಮುಚ್ಚಿ ಕರೆದಳು. "ಬೆಟ್ಟದ ಮಾದಪ್ಪ ಬಾ, ಬಣ್ಣಾರಿಯ ಅಮ್ಮ ಬಾ, ಪಳನಿಯ ಮುರುಗ ಬಾ." ಒಂದು ಉಸಿರು ತೆಗೆದುಕೊಂಡು, ಗಟ್ಟಿಯಾಗಿ, "ಅಂತಿಯೋಕ್ಯದ ಕಾಸಮ್ಮ, ಬಾ ತಾಯಿ."

ಗಂಡಿನ ಕಡೆಯ ಮುದುಕಿಯೊಬ್ಬಳು ಕತ್ತು ಚಾಚಿ, ಅದ್ಯಾವೂರು, ಈ ಕಡೆ ಕೇಳಿಲ್ಲವಲ್ಲ ಎಂದು ವಿಚಾರಿಸಿದಳು. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಹೇಳಿದಳು.

"ರೊಂಬ ದೂರ ಅಕ್ಕ. ಬಂದು ಬಾಳ ಕಾಲ ಆಯ್ತು, ಈಗ ಈ ಊರೋಳೇ."

ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.